ನಡೆದು ತೋರಿಸಮ್ಮ

ಮೊನ್ನೆ ಮನೆಗೆ ಸುಣ್ಣ ಹೊಡೆಸುವ ಗಲಾಟೆಯಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕೆ ಬಂತು. ಗಾಜು ಒಡೆದ ಲಾಟೀನು, ತಳ ತೂತಾದ ಹಂಡೆ, ಯಾರ ಮದುವೆಯದೋ ಬಾಸಿಂಗ, ಕಡ್ಡಿ ಮುರಿದ ಛತ್ರಿ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ, ಅಂಥವಕ್ಕೆಲ್ಲ ಅಟ್ಟವೇ ಗತಿ. ಕೊನೆಗೆ ಒಂದು ಗೋಣಿಚೀಲ ಇಳಿಯಿತು. ನನ್ನ ತಮ್ಮನ ಸೊಸೆ ಸುಮಾ ಅದರ ಬಾಯಿ ಬಿಚ್ಚಿ, ಒಂದು ಜೊತೆ ಹಳೇ ಕ್ಯಾನ್ವಾಸ್ ಬೂಟನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ಮುಖ ಕಿವುಚಿದಳು.

"ಅತ್ತೆ, ಎಡಗಡೆ ಬೂಟಿನಾಗೆ ಇಲಿ ಗೂಡು ಕಟ್ಟೈತೆ ನೋಡ್ರಿ. ಬಿಸಾಕ್ಲೇನು?"

"ಲೇ ಲೇ, ಅದು ಇಲಿ ಗೂಡಲ್ಲ ಕಣವ್ವ. ಅದು ನನ್ನ ಕಾಲು" ಅಂದೆ.

ವಯಸ್ಸಾದವರು ಹೀಗೆ ಏನೋ ಒಂದು ಅನ್ನುತ್ತಾರೆ ಅಂತ ಸುಮ್ಮನಾಗುವ ಪೈಕಿ ಅವಳಲ್ಲ. ಬೂಟಿನೊಳಗೆ ಕೈ ಹಾಕಿ, ಹಿಮ್ಮಡಿಯ ಜಾಗದಲ್ಲಿದ್ದ ಕಂದು ಬಣ್ಣದ ದಪ್ಪ ಉಣ್ಣೆಯ ಮಡಿಕೆಯನ್ನು ಎಳೆದು ನೋಡಿದಳು. ಬರಲಿಲ್ಲ. ಬರುವುದಿಲ್ಲ. ಅದನ್ನು ಹೊಲಿದವಳ ಕೈ ಅಂಥದು. ಆ ಕೈಯ ಕಥೆ ಹೇಳಬೇಕೆಂದರೆ ಹಿಮಾಲಯಕ್ಕೆ ಹೋಗಬೇಕು. ಹಿಮಾಲಯಕ್ಕೆ ಹೋಗಬೇಕೆಂದರೆ ಮೊದಲು ಜಗಳೂರಿನ ಒಂದು ಹುಣಸೆಮರ ಹತ್ತಬೇಕು. ಅವಸರ ಇದ್ದವರು ಈಗಲೇ ಎದ್ದು ನಡೆಯಬಹುದು, ನನ್ನದೇನೂ ಬೇಜಾರಿಲ್ಲ.

ಹುಣಸೆಮರ ನಮ್ಮ ಹಿತ್ತಿಲಿನದು. ನಾನು ಅದರಿಂದ ಬಿದ್ದದ್ದು ಹಣ್ಣಿನ ಆಸೆಗಲ್ಲ, ಹಟಕ್ಕೆ. ಹೆಣ್ಣುಹುಡುಗಿ ಮರ ಹತ್ತಬಾರದು ಅಂದರು, ಅದಕ್ಕೇ ಹತ್ತಿದೆ. ಇಳಿಯಬಾರದು ಅಂತ ಯಾರೂ ಅಂದಿರಲಿಲ್ಲವಾದ್ದರಿಂದ ಇಳಿಯುವ ಕಡೆ ಅಷ್ಟು ಗಮನ ಕೊಡಲಿಲ್ಲ. ಎಡಗಾಲು ಮುರಿಯಿತು. ಮೂಳೆ ಕಟ್ಟುವವರು ಬಂದು ಮೊಟ್ಟೆಯ ಲೋಳೆ ಹಚ್ಚಿ, ಬಿದಿರ ದಬ್ಬೆ ಇಟ್ಟು, ಬಟ್ಟೆ ಸುತ್ತಿದರು. ಮೂಳೆ ಕೂಡಿಕೊಂಡಿತು, ಆದರೆ ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡವಾಗಿ ಉಳಿಯಿತು.

ದಬ್ಬೆ ಬಿಚ್ಚಿದ ಮೇಲೆ ನಾನು ಮೂಲೆ ಹಿಡಿದು ಕೂತೆ. ಅವ್ವ ಬಿಡಲಿಲ್ಲ. ಬೆಳಿಗ್ಗೆ ನಮ್ಮ ಮನೆ ಮುಂದೆ ಒಂದು ಕುರಿ ಹಿಂಡು ಬಯಲಿನ ಕಡೆ ಹೋಗುತ್ತಿತ್ತು. "ಕುರಿ ಹಿಂದೆ ನಡಿ" ಅಂತ ನನ್ನನ್ನು ಹೊರಗೆ ದಬ್ಬುತ್ತಿದ್ದಳು. ಕುರಿ ಅವಸರದ ಪ್ರಾಣಿಯಲ್ಲ, ಮೇಯುತ್ತ ನಿಲ್ಲುತ್ತ ಹೋಗುತ್ತದೆ. ಹಿಂದೆ ಬರುವವಳು ಹೆಂಗೆ ನಡೆಯುತ್ತಾಳೆ ಅಂತ ತಿರುಗಿ ನೋಡಿ ನಗುವುದೂ ಇಲ್ಲ. ಬಾಗಿಲಲ್ಲಿ ನಿಂತ ಅವ್ವನ ದನಿ ಮಾತ್ರ ಬೆನ್ನಿಗೆ ಬಡಿಯುತ್ತಿತ್ತು: "ನಡಿ, ನಡಿ! ಯಾಕೆ ನಿಂತೆ? ನಡಿ!" ಕಲ್ಲು ಮುಳ್ಳಿನ ಆ ಒಣನೆಲದ ಮೇಲೆ ನಾನು ಎರಡನೇ ಸಲ ನಡೆಯುವುದನ್ನು ಕಲಿತೆ.

ಈ "ನಡಿ" ಅನ್ನುವ ಮಾತು ನೋಡಿ, ನಮ್ಮ ಕಡೆ ಅದಿಲ್ಲದೆ ಬೆಳಗಾಗುವುದಿಲ್ಲ. ಸ್ಕೂಲಿಗೆ ನಡಿ, ಊಟಕ್ಕೆ ನಡಿ. ಬಸ್ಸಿನಲ್ಲಿ ಕಂಡಕ್ಟರು "ಒಳಗೆ ನಡೀರಿ, ಒಳಗೆ ನಡೀರಿ" ಅನ್ನುತ್ತಾನೆ, ಒಳಗೆ ಕಾಲೂರಲು ಜಾಗವಿರುವುದಿಲ್ಲ. "ಹೆಂಗೈತೆ ಜೀವನ?" ಅಂದರೆ "ನಡೀತೈತೆ". ಜಗಳ ಬಿದ್ದರೆ "ನಡಿಯಲೇ ಆಚೆಗೆ". ಅಕ್ಕರೆಗೂ ಅದೇ, ಓಡಿಸುವುದಕ್ಕೂ ಅದೇ. ಯಾವ ನಡಿ ಯಾವುದು ಅಂತ ದನಿಯಲ್ಲೇ ತಿಳಿದುಕೊಳ್ಳಬೇಕು. ತಿಳಿಯದಿದ್ದರೆ ಏನಾಗುತ್ತದೆ ಅಂತ ಹೇಳುವುದಕ್ಕೆ ನಾನೇ ಸಾಕ್ಷಿ, ಸ್ವಲ್ಪ ತಡೆಯಿರಿ.

ಓದಿದೆ, ಬಿ.ಎಡ್. ಮಾಡಿದೆ, ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರಾದೆ. ಎಪ್ಪತ್ತರ ದಶಕದ ಕೊನೆ ಅದು. ಪಾಠ ಮಾಡುವುದು ಬಾಯಲ್ಲಿ, ಅದಕ್ಕೆ ಕಾಲಿನ ಹಂಗಿಲ್ಲ. ಆದರೆ ಮದುವೆಗೆ ಕಾಲು ಬೇಕಂತೆ.

ರಜಕ್ಕೆ ಜಗಳೂರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಗಂಡಿನ ಕಡೆಯವರು ಬಂದು ಚಾಪೆ ಮೇಲೆ ಕೂರುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು. ಹೆಸರೇನು, ಏನು ಓದೀಯಾ, ಹಾಡಾಕೆ ಬರ್ತೈತಾ, ಎಲ್ಲ ಆದ ಮೇಲೆ ಅವರಲ್ಲಿ ಹಿರಿಯರಾದವರು ಗಂಟಲು ಸರಿ ಮಾಡಿಕೊಂಡು, "ಒಂದೀಟು ನಡೆದು ತೋರಿಸಮ್ಮ" ಅನ್ನುತ್ತಿದ್ದರು. ಆಗಿನ ಪದ್ಧತಿಯೇ ಹಾಗೆ, ಎಲ್ಲ ಹುಡುಗಿಯರಿಗೂ ಹೇಳುತ್ತಿದ್ದರು. ಉಳಿದವರಿಗೆ ಅದು ಸ್ವಲ್ಪ ನಾಚಿಕೊಂಡರೆ ಮುಗಿಯುವ ಕೆಲಸ. ನನಗೆ ಹಾಗಲ್ಲ. ಅವ್ವ ಒಳಮನೆಯಲ್ಲಿ ಮೊದಲೇ ಪಾಠ ಹೇಳಿರುತ್ತಿದ್ದಳು: "ಸೀರೆ ಕೆಳಗೆ ಬಿಟ್ಕೋ. ಮೆಲ್ಲಕೆ ನಡಿ. ಗೋಡೆ ಹಿಡ್ಕಂಡಂಗೆ ಕಾಣಬಾರ್ದು, ಆದ್ರೆ ಗೋಡೆ ಬಿಡಬ್ಯಾಡ." ನಾನು ಪಡಸಾಲೆಯ ತುದಿತನಕ ಹೋಗಿ ತಿರುಗಿ ಬರುತ್ತಿದ್ದೆ. ಅವರು ಉಪ್ಪಿಟ್ಟು ಮುಗಿಸಿ, ಊರಿಗೆ ಹೋಗಿ ಕಾಗದ ಹಾಕುತ್ತೇವೆ ಅಂತ ಎದ್ದು ಹೋಗುತ್ತಿದ್ದರು. ಪೋಸ್ಟ್‌ಮ್ಯಾನ್ ಆ ಕಾಗದಕ್ಕಾಗಿ ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿದ್ದನ್ನು ನಾನು ಕಾಣೆ.

ಆ ಸರಣಿಯಲ್ಲಿ ಹೊನ್ನಾಳಿ ಕಡೆಯ ಒಬ್ಬ ಹಿರಿಯರು ಬಂದರು. ನಾನು ನಡೆದು ಬಂದು ನಿಂತ ಮೇಲೆ, ಬಾಯಿಗೆ ಅಡಿಕೆ ಎಸೆದುಕೊಂಡು, "ಇನ್ನೊಂದು ಸಲ" ಅಂದರು. ಸಂತೆಯಲ್ಲಿ ಎತ್ತು ಕೊಳ್ಳುವವನು ಹೀಗೇ ಎರಡೆರಡು ಸಲ ನಡೆಸಿ ನೋಡುತ್ತಾನೆ. ನಾನು ಇನ್ನೊಂದು ಸಲ ನಡೆದೆ. ಪಡಸಾಲೆ ದಾಟಿ, ನಡುಮನೆ ದಾಟಿ, ಹಿತ್ತಿಲಿನ ಹುಣಸೆಮರದ ಬುಡಕ್ಕೆ ಹೋಗಿ ಕೂತೆ. ಅವರನ್ನೆಲ್ಲ ಕಳಿಸಿ ಬಂದ ಅವ್ವನಿಗೆ ಹೇಳಿದೆ: "ಅವ್ವಾ, ಇನ್ನು ಮೇಲೆ ಯಾರಿಗೂ ನಾನು ನಡೆದು ತೋರ್ಸಲ್ಲ. ನನಗೆ ಬೇಕಾದ ಕಡೆ ನಡೀತೀನಿ."

"ಎಲ್ಲಿಗೆ ನಡೀತೀಯೇ?" ಅಂದಳು ಅವ್ವ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

"ಹಿಮಾಲಯಕ್ಕೆ" ಅಂದುಬಿಟ್ಟೆ. ಕೋಪದಲ್ಲಿ ಬಾಯಿಗೆ ಬಂದದ್ದು ಅದೇ. ನಿನ್ನೆ ಮೊನ್ನೆಯತನಕ ಎಂಟನೇ ಕ್ಲಾಸಿನ ಗೋಡೆಗೆ ನಕಾಶೆ ನೇತುಹಾಕಿ, ಕೋಲಿನಲ್ಲಿ ಅದನ್ನು ಕುಟ್ಟಿ ಕುಟ್ಟಿ ತೋರಿಸಿದ್ದೆನಲ್ಲ.

ಕೋಪ ಇಳಿದ ಮೇಲೆ ಮಾತೂ ಇಳಿದು ಹೋಗಬೇಕಿತ್ತು. ಹೋಗಗೊಡದವಳು ಸರೋಜ. ಸರೋಜ ನಮ್ಮ ಶಾಲೆಯ ಪಿ.ಟಿ. ಟೀಚರು, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಪಕ್ಕದ ಊರಿನವಳು, ಕತ್ತಿನಲ್ಲಿ ಸೀಟಿ ಹಾಕಿಕೊಂಡೇ ಹುಟ್ಟಿದವಳು. ನ್ಯಾಮತಿಯಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ರಜ ಮುಗಿಸಿ ಬಂದು ನಾನು ತಮಾಷೆಗೆ ಹೇಳಿದ್ದನ್ನು ಅವಳು ತಮಾಷೆ ಅಂತ ತೆಗೆದುಕೊಳ್ಳಲೇ ಇಲ್ಲ. ಬೇಸಿಗೆ ರಜದಲ್ಲಿ ಜನರನ್ನು ಗುಂಪು ಕಟ್ಟಿ ಹಿಮಾಲಯದಲ್ಲಿ ನಡೆಸುವ ಸಂಘವೊಂದಿದೆ, ಟೀಚರುಗಳೂ ಸೇರಬಹುದು, ಅಂತ ಎಲ್ಲಿಂದಲೋ ವಿಚಾರಿಸಿಕೊಂಡು ಬಂದಳು.

"ನನ್ನ ಕಾಲು?" ಅಂದೆ.

"ಕಾಲಿಗೇನಾಗೈತೆ? ಎರಡೂ ಅದಾವಲ್ಲ" ಅಂದಳು.

ಅಲ್ಲಿಂದ ಶುರುವಾಯಿತು ನನ್ನ ತಾಲೀಮು. ಭಾನುವಾರ ಬಂತೆಂದರೆ ಬಸ್ಸು ಹತ್ತಿಸಿ ಸೂಳೆಕೆರೆಗೆ ಕರೆದುಕೊಂಡು ಹೋಗುವಳು. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ, ಆಮೇಲೆ ಪಕ್ಕದ ಗುಡ್ಡಕ್ಕೆ. ಬೆನ್ನಿಗೆ ಇಟ್ಟಿಗೆ ತುಂಬಿದ ಚೀಲ. ಹಿಂದಿನಿಂದ "ನಡಿ ಗಿರಿಜಾ, ನಡಿ ನಡಿ". ಅವ್ವನ ದನಿಯನ್ನು ಕಡ ತಂದಂತಿತ್ತು. ಬಲೆ ಬಿಚ್ಚುತ್ತ ಕೂತ ಮೀನುಗಾರರು ಕೆಲವು ವಾರ ನೋಡಿದರು, ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟರು: "ಟೀಚರಮ್ಮಾರೇ, ಏನ್ ಕಳ್ಕಂಡೀರಿ? ವಾರವಾರ ಬಂದು ಹುಡುಕ್ತೀರಲ್ಲ?"

"ಇವಳ ಮಾನ ಕಣ್ರಪ್ಪ. ಸಿಕ್ರೆ ಹೇಳ್ರಿ" ಅಂದಳು ಸರೋಜ. ಅವರು ನಕ್ಕರು, ನಾನೂ ನಕ್ಕೆ.

ಚನ್ನಗಿರಿ ಬಸ್‌ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವವನ ಹತ್ತಿರ ಕ್ಯಾನ್ವಾಸ್ ಬೂಟಿನ ಎಡಗಾಲಿಗೆ ಟೈರಿನ ಪಟ್ಟಿ ಹೊಡೆಸಿದೆವು. ಎರಡೂ ಕಾಲು ಸಮವಾಗಿ ನೆಲಕ್ಕೆ ತಾಗಿದ್ದು ಹುಣಸೆಮರದ ನಂತರ ಅದೇ ಮೊದಲು. ಇನ್ನು ಸಲ್ವಾರು. ಸೀರೆಯಲ್ಲಿ ಹಿಮಾಲಯ ಹತ್ತಲಾಗುತ್ತದೆಯೇ? ನ್ಯಾಮತಿಯ ಟೈಲರು ಅದುವರೆಗೆ ಸಲ್ವಾರು ಹೊಲಿದವನಲ್ಲ. ನಾವು ಕೈಯಲ್ಲಿ ತೋರಿಸಿದ ಆಕಾರಕ್ಕೆ ತನ್ನ ಬುದ್ಧಿಯನ್ನೂ ಸೇರಿಸಿ ಹೊಲಿದುಕೊಟ್ಟ. ಒಂದೊಂದು ಕಾಲಿನೊಳಗೆ ಇಬ್ಬರು ಹೋಗಬಹುದಿತ್ತು.

ಅವ್ವನಿಗೆ ಹೇಳಿದಾಗ ಅವಳು ಶೇಂಗಾ ಸುಲಿಯುತ್ತಿದ್ದಳು. ಕೈ ನಿಂತುಹೋಯಿತು.

"ಜನ ಕಾಶಿಗೆ ಹೋಗ್ತಾರೆ, ಕೇದಾರಕ್ಕೆ ಹೋಗ್ತಾರೆ. ನೀನು ಯಾವ ದೇವ್ರಿಗೆ ಹೊಂಟೀಯಾ?"

"ಯಾವ ದೇವ್ರಿಗೂ ಅಲ್ಲವ್ವಾ."

"ಮತ್ಯಾಕೆ?"

"ನಡಿಯಾಕೆ."

ಅವ್ವ ಶೇಂಗಾದ ಮೊರ ಪಕ್ಕಕ್ಕಿಟ್ಟಳು. ಆಮೇಲೆ, "ಇಲ್ಲಿ ಬಂದೋರು ಬ್ಯಾಡ ಅಂದು ಹೋದ್ರು, ಸಾಲ್ದೇನು? ಅಷ್ಟು ದೂರ ಹೋಗಿ ಅಲ್ಲೂ ಯಾರಾದ್ರೂ ಬ್ಯಾಡ, ವಾಪಸ್ ಹೋಗು ಅಂದ್ರೆ ನಿನ್ನ ಗತಿ ಏನೇ?" ಅಂದಳು. ಅವಳ ಅಂಜಿಕೆ ಬೆಟ್ಟದ್ದಲ್ಲ, ಹಿಮದ್ದಲ್ಲ. ನನ್ನದೂ ಅದೇ ಅಂಜಿಕೆಯಾಗಿತ್ತು, ಆದ್ದರಿಂದ ಗಟ್ಟಿಯಾಗಿ ಹೇಳಿದೆ: "ಕೊನೇತನಕ ನಡೆದೇ ಬರ್ತೀನವ್ವ. ಕುದುರೆ ಹತ್ತಲ್ಲ, ಅರ್ಧಕ್ಕೆ ಬರಲ್ಲ." ಹೊರಡುವ ದಿನ ಅವಳು ಒಂದು ಕರಿ ಕಂಬಳಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಕೊಟ್ಟಳು. ಬಾಗಿಲಲ್ಲಿ ನಿಂತು "ನಡಿ" ಅಂದಳು. ಅದು ಯಾವ ನಡಿ ಅಂತ ನನಗೆ ಸರಿಯಾಗಿ ತಿಳಿಯಿತು.

ರೈಲು, ಆಮೇಲೆ ಬಸ್ಸು, ಆಮೇಲೆ ಇನ್ನೊಂದು ಬಸ್ಸು. ಡೆಹ್ರಾಡೂನಿನಿಂದ ಮೇಲೆ ಹೋಗುವ ಆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸರೋಜ ಕೆಳಗಿನ ಕಂದರ ನೋಡಿ ಮೊದಲ ಸಲ ಮಾತು ನಿಲ್ಲಿಸಿದಳು. ನಾವು ಹೋಗಬೇಕಾಗಿದ್ದದ್ದು ಹರ್-ಕಿ-ದೂನ್ ಅನ್ನುವ ಕಣಿವೆಗೆ. ಬಸ್ಸು ಬಿಟ್ಟಲ್ಲಿಂದ ಹೊಳೆಯ ದಂಡೆ ಹಿಡಿದು, ದೇವದಾರು ಕಾಡಿನಲ್ಲಿ, ಊರಿಂದೂರಿಗೆ ನಡೆಯುತ್ತ ಹೋಗಬೇಕು. ಕಟ್ಟಕಡೆಯ ಊರು ಓಸ್ಲಾ. ಅದರಾಚೆ ಮನೆಗಳಿಲ್ಲ. ಒಂದು ದಿನ ಏರಿದರೆ ಹಿಮದ ಬೆಟ್ಟಗಳ ಬುಡದಲ್ಲಿ ಹುಲ್ಲಿನ ಬಯಲು, ಅದೇ ಕೊನೆ.

ಗುಂಪನ್ನು ನಡೆಸುವವರು ಒಬ್ಬ ನಿವೃತ್ತ ಸುಬೇದಾರರು. ಬಿಳಿ ಮೀಸೆ, ತೆಳ್ಳನೆಯ ಕಾಲು. ನನ್ನ ಬೂಟನ್ನು ಒಂದು ಸಲ ನೋಡಿದರು, ನನ್ನ ಸಲ್ವಾರನ್ನು ಎರಡು ಸಲ ನೋಡಿದರು. ಹೆಸರು ಕೇಳಿ, "ಗಿರಿಜಾ? ಹಾಗಾದರೆ ಬೆಹೆನ್‌ಜೀ, ಇದು ನಿಮ್ಮ ತವರುಮನೆ" ಅಂತ ಹಿಂದಿಯಲ್ಲಿ ನಕ್ಕರು. ಒಳ್ಳೆಯ ಮನುಷ್ಯ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನಾನು ಸಿಟ್ಟಾಗುವುದಿದೆ.

ಆ ಊರುಗಳ ಚಂದ ಏನು ಹೇಳಲಿ! ಮನೆಗಳೆಲ್ಲ ಮರದವು, ಮೇಲೆ ಚಪ್ಪಡಿ ಕಲ್ಲು. ಕೆಳಗೆ ಕುರಿ ದನ, ಮೇಲೆ ಜನ. ಒಂದೊಂದು ಬಾಗಿಲಿಗೂ ಹೂವು ಬಳ್ಳಿ ಕೆತ್ತಿದ್ದರು. ಹೆಂಗಸರು ಬೆನ್ನ ಮೇಲೆ ಬೆಟ್ಟದಷ್ಟು ಸೌದೆ ಹೊತ್ತು ನಡೆದರೆ, ಗಂಡಸರು ಕೈಯಲ್ಲಿ ಕದಿರು ತಿರುಗಿಸಿ ಉಣ್ಣೆ ನೂಲುತ್ತ ನಡೆಯುತ್ತಿದ್ದರು. ನಮ್ಮ ಜಗಳೂರಿನ ಕುರಿಗಾಹಿಗಳೂ ಹೀಗೇ, ಕಾಲು ತನ್ನ ಪಾಡಿಗೆ, ಕೈ ತನ್ನ ಪಾಡಿಗೆ. "ಇಲ್ಲೂ ಹೊರಾದು ಹೆಂಗಸ್ರೇ ನೋಡು" ಅಂದಳು ಸರೋಜ. ಕಾಲುದಾರಿಯ ಒಂದು ಕಡೆ ಕುರಿ ಹಿಂಡು ಅಡ್ಡ ನಿಂತಿತು. ಎಲ್ಲರೂ ಕೈ ಬೀಸಿದರು, ಹೋ ಅಂದರು, ಕದಲಲಿಲ್ಲ. ನಾನು ಮುಂದೆ ಹೋಗಿ, ಚಿಕ್ಕಂದಿನಲ್ಲಿ ಕಲಿತ ಹಾಗೆ ತುಟಿ ಅದುರಿಸಿ "ಬ್ರ್ರ್ರ್" ಅಂದೆ. ಹಿಂಡು ಎರಡಾಗಿ ದಾರಿ ಬಿಟ್ಟಿತು. ನಮ್ಮೂರ ಸುಬ್ಬಯ್ಯಶೆಟ್ಟರ ಕಿರಾಣಿ ಅಂಗಡಿಯಲ್ಲಿ ಕೂಡ ನನಗೆ ಯಾರೂ ಅಷ್ಟು ಮರ್ಯಾದೆಯಿಂದ ದಾರಿ ಬಿಟ್ಟವರಲ್ಲ.

ಹೀಗೆ ಸ್ವಲ್ಪ ಕೊಬ್ಬಿದ್ದೆ ಅಂತಲೇ ಇಟ್ಟುಕೊಳ್ಳಿ. ಓಸ್ಲಾ ಇನ್ನು ಕೂಗಳತೆಯಲ್ಲಿದೆ ಅನ್ನುವಾಗ ದಾರಿಗೆ ಅಡ್ಡವಾಗಿ ಒಂದು ಹಿಮದ ಪಟ್ಟಿ ಬಂತು. ಬೆಳ್ಳಗೆ, ಚಪ್ಪಟೆಯಾಗಿ, ಅಂಗಳದ ಹಾಗಿತ್ತು. ಮುಂದಿನವರೆಲ್ಲ ಮೇಲುಗಡೆಯಿಂದ ಬಳಸಿ ದಾಟಿದ್ದರು. ನಾನು ಹಿಂದೆ ಬಿದ್ದಿದ್ದೆ, ಸರೋಜ ನನಗೂ ಹಿಂದೆ. ಆಚೆ ಬದಿಯಲ್ಲಿ ನಿಂತ ಸುಬೇದಾರರು ಎರಡೂ ಕೈ ಎತ್ತಿ ನನ್ನ ಕಡೆ ಕೂಗಿದರು. ಪಕ್ಕದಲ್ಲಿ ಹೊಳೆ ಭೋರ್ಗರೆಯುತ್ತಿತ್ತು, ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟೇ: "ನಡೀ! ನಡೀ!"

ನನಗೆ ಮೈ ಉಬ್ಬಿತು. ಆಹಾ, ಸರೋಜ ದಾರಿಯುದ್ದಕ್ಕೂ ಒದರಿದ ಕನ್ನಡ ಸುಬೇದಾರರ ಬಾಯಿಗೂ ಹತ್ತಿತಲ್ಲ! ಅಷ್ಟು ದೊಡ್ಡ ಮನುಷ್ಯ ನಮ್ಮ ಭಾಷೆಯಲ್ಲಿ ಹುರಿದುಂಬಿಸುವಾಗ ನಿಲ್ಲುವುದು ಹೇಗೆ? ನೇರವಾಗಿ ಹಿಮದ ಮೇಲೆ ಕಾಲಿಟ್ಟೆ. ಅವರು ಇನ್ನೂ ಜೋರಾಗಿ "ನಡೀ! ನಡೀ!" ಅಂದರು. ನಾನೂ ಇನ್ನೂ ಜೋರಾಗಿ ನಡೆದೆ. ಹಿಮ ಕುಸಿಯಿತು, ನಾನು ಸೊಂಟದತನಕ ನೀರಿನಲ್ಲಿದ್ದೆ.

ಅವರು ಕೂಗಿದ್ದು "ನದೀ! ನದೀ!" ಅಂತ. ಹಿಮದ ಅಡಿಯಲ್ಲಿ ನದಿ ಇದೆ, ಕಾಲಿಡಬೇಡ ಅಂತ.

ಸಮಾಜ ಪಾಠದ ಟೀಚರಿಗೆ ನದಿ ಗೊತ್ತಿಲ್ಲವೇ ಅಂತ ನೀವು ಕೇಳಬಹುದು. ಗೊತ್ತಿಲ್ಲದೆ ಏನು, ಉಪನದಿಗಳ ಸಮೇತ ಬಾಯಿಪಾಠ. ಆದರೆ ಅದು ಪುಸ್ತಕದ ಮಾತು. ಜಗಳೂರಿನವಳಿಗೆ ನೀರೆಂದರೆ ಬಾವಿ, ಹಳ್ಳ. ನ್ಯಾಮತಿ ಕಡೆ ಬಂದ ಮೇಲೆ ಹೊಳೆ, ಕೆರೆ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿದಾಗಲೂ ಜನ "ಹೊಳೆ ಬಂತು" ಅನ್ನುತ್ತಾರೆಯೇ ಹೊರತು ನದಿ ಬಂತು ಅನ್ನುವುದಿಲ್ಲ. ಜೀವಮಾನದಲ್ಲಿ ಒಬ್ಬರೂ ನನ್ನ ಕಡೆ "ನದಿ" ಅಂತ ಕೂಗಿದವರಲ್ಲ. "ನಡಿ" ಅಂತ ಕೂಗದವರೂ ಇಲ್ಲ.

ಸರೋಜ ತಾನು ಹೊದ್ದಿದ್ದ ಅವ್ವನ ಕಂಬಳಿಯ ಒಂದು ತುದಿ ಎಸೆದಳು. ಅದನ್ನು ಹಿಡಿದು ಮೇಲೆ ಬಂದೆ. ಹಲ್ಲು ಕಟಕಟ ಅನ್ನುತ್ತಿತ್ತು. ಸಲ್ವಾರಿನೊಳಗೆ ತುಂಬಿಕೊಂಡಿದ್ದ ನೀರಿನಲ್ಲಿ ಒಂದು ಸಸಿಮಡಿ ಹಾಕಬಹುದಿತ್ತು. ನಗು ಬರಬೇಕಾದ ಹೊತ್ತು, ಆದರೆ ಕೆಳಗೆ ನೋಡಿದರೆ ಎಡಗಾಲ ಬೂಟಿನ ಟೈರಿನ ಪಟ್ಟಿ ಕಿತ್ತುಹೋಗಿತ್ತು. ಹೊಳೆ ಅದನ್ನು ಒಯ್ದಿತ್ತು. ಕಾಲು ಮತ್ತೆ ಗಿಡ್ಡವಾಯಿತು. ನಾನು ಕುಂಟುತ್ತ ಓಸ್ಲಾ ಊರಿನೊಳಗೆ ಹೋಗುವುದನ್ನು ಸುಬೇದಾರರು ನೋಡುತ್ತಲೇ ಇದ್ದರು. ಅವರ ಮುಖ ನೋಡಿಯೇ ನನಗೆ ಮುಂದಿನ ಮಾತು ಗೊತ್ತಾಯಿತು.

ನಮ್ಮಿಬ್ಬರಿಗೆ ಚಳಿ ಕಾಯಿಸಿಕೊಳ್ಳಲು ಜಾಗ ಕೊಟ್ಟವಳು ರಾಮದೇಯಿ ಅನ್ನುವ ಮುದುಕಿ. ಅವಳ ಮನೆಗೆ ಹತ್ತುವುದು ಒಂದೇ ಮರದ ದಿಮ್ಮಿಯಲ್ಲಿ ಕಡಿದ ಮೆಟ್ಟಿಲಿನಿಂದ. ನಾನು ಅರ್ಧದಲ್ಲಿ ನಿಂತಾಗ ಕೆಳಗಿನಿಂದ ಸರೋಜ "ನಡಿ ನಡಿ" ಅಂತ ದಬ್ಬಿದಳು. ಮೇಲೆ ನಿಂತ ರಾಮದೇಯಿಗೆ ಆ ಮಾತು ಏಕೋ ಭಾರಿ ಮೋಜೆನಿಸಿತು. "ನಡೀ ನಡೀ" ಅಂತ ತಾನೂ ಅಂದು, ಬೊಚ್ಚುಬಾಯಿ ತೆರೆದು ನಕ್ಕು, ಕೈ ಕೊಟ್ಟು ಎಳೆದುಕೊಂಡಳು. ಅವಳ ಭಾಷೆ ನಮಗೆ ಬರದು, ನಮ್ಮ ಹಿಂದಿ ಅವಳಿಗೆ ಬರದು. ಶೇಂಗಾ ಚಟ್ನಿಪುಡಿ ನಾಲಿಗೆಗೆ ಇಟ್ಟುಕೊಂಡು ಚಪ್ಪರಿಸಿದಳು, ಕಣ್ಣಲ್ಲಿ ನೀರು ಬಂದರೂ ಇನ್ನೊಮ್ಮೆ ಕೈ ಚಾಚಿದಳು.

ಆಮೇಲೆ ನನ್ನ ಒದ್ದೆ ಬೂಟು ಬಿಚ್ಚಿ ಒಲೆಯ ಪಕ್ಕ ಇಟ್ಟಳು. ನನ್ನ ಎರಡೂ ಕಾಲನ್ನು ಜೋಡಿಸಿ ನೋಡಿದಳು. ನಾನು ಉಸಿರು ಬಿಗಿಹಿಡಿದೆ. ಅವಳು ಅಯ್ಯೋ ಅನ್ನಲಿಲ್ಲ. ಲೊಚಗುಟ್ಟಲಿಲ್ಲ. ಹೇಗಾಯಿತು ಅಂತ ಕೈಸನ್ನೆಯಲ್ಲೂ ಕೇಳಲಿಲ್ಲ. ಎಡಗಾಲ ಹಿಮ್ಮಡಿಗೆ ತನ್ನ ಬೆರಳನ್ನು ಅಡ್ಡ ಇಟ್ಟು ಎತ್ತರ ನೋಡಿಕೊಂಡಳು, ಅಷ್ಟೇ. ತಾನು ಹೊದೆಯುತ್ತಿದ್ದ ಹಳೇ ಉಣ್ಣೆ ಬಟ್ಟೆಯಿಂದ ಒಂದು ತುಂಡು ಹರಿದು, ಮಡಿಸಿ ಮಡಿಸಿ ಗಟ್ಟಿ ಮಾಡಿ, ಬೂಟಿನೊಳಗೆ ಇಟ್ಟು ದಬ್ಬಳದಲ್ಲಿ ಹೊಲಿಯಲು ಕೂತಳು. ಹೊಲಿಯುತ್ತ ಸರೋಜನ ಜೊತೆ ಏನೇನೋ ಹರಟಿದಳು, ಸರೋಜ ಕನ್ನಡದಲ್ಲೇ ಉತ್ತರ ಕೊಟ್ಟಳು. ಸರೋಜನನ್ನು ಬಿಟ್ಟರೆ, ನನ್ನ ಕಾಲನ್ನು ನೋಡಿ ಮರುಗದ ಮೊದಲ ಹೆಂಗಸು ಅವಳು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಬೆಳಿಗ್ಗೆ ಎಲ್ಲರೂ ಊರ ಗುಡಿಯ ಮುಂದಿನ ಕಲ್ಲಿನ ಅಂಗಳದಲ್ಲಿ ಸೇರಿದರು. ಸುಬೇದಾರರು ನನ್ನ ಹತ್ತಿರ ಬಂದು, ಮುಂದಿನ ಏರು ಕಷ್ಟ, ನೀವು ಇಲ್ಲೇ ಇರಿ, ನಾವು ಮೇಲೆ ಹೋಗಿ ಬರುತ್ತ ಕರೆದುಕೊಂಡು ಹೋಗುತ್ತೇವೆ ಅಂದರು. ನಾನು ಬರುತ್ತೇನೆ ಅಂದೆ. ಬೇಡ ಅಂದರು. ಬರುತ್ತೇನೆ ಅಂದೆ. ಬೇಕಾದರೆ ಹೇಸರಗತ್ತೆ ಗೊತ್ತು ಮಾಡೋಣ ಅಂದರು. ನಡೆದೇ ಬರುತ್ತೇನೆ ಅಂದೆ. ಅವರು ಮೀಸೆ ತಿರುವಿದರು, ಒಂದು ನಿಟ್ಟುಸಿರು ಬಿಟ್ಟರು, ಎರಡು ಹೆಜ್ಜೆ ಹಿಂದೆ ಸರಿದು ಹೇಳಿದರು:

"ಅಚ್ಛಾ. ಜರಾ ಚಲ್ ಕೇ ದಿಖಾಯಿಯೇ."

ಸರೋಜ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ, "ಒಂದೀಟು ನಡೆದು ತೋರಿಸ್ಬೇಕಂತೆ ಕಣೇ" ಅಂದಳು. ಅವಳು ಹೇಳುವ ಅಗತ್ಯವಿರಲಿಲ್ಲ. ಯಾವ ಭಾಷೆಯಲ್ಲಿ ಅಂದರೂ ಆ ಮಾತು ನನಗೆ ಅರ್ಥವಾಗುತ್ತದೆ.

ಅಂಗಳದ ಸುತ್ತ ಜನ ನಿಂತಿದ್ದರು. ನಮ್ಮ ಗುಂಪಿನವರು, ಸೌದೆ ಹೊತ್ತ ಹೆಂಗಸರು, ಕದಿರು ಹಿಡಿದ ಗಂಡಸರು. ಜಗಳೂರಿನ ಪಡಸಾಲೆ ನನ್ನ ಬೆನ್ನಟ್ಟಿಕೊಂಡು ಇಲ್ಲಿಗೂ ಬಂದಿದೆ ಅನಿಸಿತು. ಅದೇ ಚಾಪೆ, ಅದೇ ಅಡಿಕೆ ಅಗಿಯುವ ಬಾಯಿ. ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರಬೇಕು, ಆಮೇಲೆ ಅವರು ಹೇಳಬೇಕು. ಗೋಡೆ ಹಿಡಿಯೋಣವೆಂದರೆ ಇಲ್ಲಿ ಗೋಡೆಯೂ ಇಲ್ಲ. ಆ ಚಳಿಯಲ್ಲಿ ನನಗೆ ಬೆವರು ಬಂತು ಅಂದರೆ ನಂಬುತ್ತೀರೋ ಇಲ್ಲವೋ.

ಬಗ್ಗಿ ಚೀಲ ಎತ್ತಿ ಬೆನ್ನಿಗೆ ಏರಿಸಿಕೊಂಡೆ. ಕಂಬಳಿ ಹೆಗಲಿಗೆ ಹಾಕಿಕೊಂಡೆ. ಹಿಂದಿ ಎಲ್ಲ ಮರೆತುಹೋಗಿತ್ತು. ಅಚ್ಚ ಜಗಳೂರು ಮಾತಿನಲ್ಲಿ, "ನೋಡಾಕೆ ಬೇಕಂದ್ರೆ ಹಿಂದೆ ಬರ್ರಿ" ಅಂದೆ.

ನಡೆದೆ. ಅಂಗಳದ ಆ ತುದಿಗೆ ಹೋದೆ, ತಿರುಗಲಿಲ್ಲ. ಗುಡಿ ದಾಟಿದೆ, ಮನೆಗಳನ್ನು ದಾಟಿದೆ, ಗದ್ದೆಗಳ ನಡುವಿನ ಕಾಲುದಾರಿಗೆ ಇಳಿದೆ. ಕುಂಟುತ್ತಲೇ ನಡೆದೆ, ಮುಚ್ಚಿಡಲಿಲ್ಲ. ರಾಮದೇಯಿ ಹೊಲಿದ ಮಡಿಕೆ ಹಿಮ್ಮಡಿಯ ಕೆಳಗೆ ಗಟ್ಟಿಯಾಗಿ ಕೂತಿತ್ತು. ಹಿಂದೆ ಎಲ್ಲೋ ಎತ್ತರದಿಂದ, ಅವಳ ಮನೆಯ ಮರದ ಜಗಲಿಯಿಂದ, ಬೊಚ್ಚುಬಾಯಿಯ ದನಿಯೊಂದು ಕಣಿವೆಗೆಲ್ಲ ಕೇಳುವಂತೆ ಕೂಗಿತು: "ನಡೀ! ನಡೀ!"

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ದಡಬಡ ಹೆಜ್ಜೆ ಸದ್ದು, ಸುಬೇದಾರರ ಏದುಸಿರು. "ಬೆಹೆನ್‌ಜೀ, ಆಗೇ ನದೀ ಹೈ! ನದೀ!" ಮುಂದೆ ನಿಜವಾಗಿಯೂ ಹೊಳೆ ಇತ್ತು, ಅದರ ಮೇಲೆ ಮರದ ಸೇತುವೆಯೂ ಇತ್ತು. ಈ ಸಲ ನದಿ ಅಂದರೂ ಸರಿ, ನಡಿ ಅಂದರೂ ಸರಿ. ಎರಡನ್ನೂ ದಾಟಿದೆ.

ಇಡೀ ದಿನ ಏರಿದೆವು. ಸುಬೇದಾರರು ನನ್ನ ಮುಂದೆ ಬರಲೇ ಇಲ್ಲ. ನೋಡಬೇಕಂದರೆ ಹಿಂದೆ ಬರ್ರಿ ಅಂದದ್ದನ್ನು ಸರೋಜ ಅವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ್ದಳಂತೆ, ಅವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಸಂಜೆಯ ಹೊತ್ತಿಗೆ ಕಾಡು ಮುಗಿದು ಬಯಲು ತೆರೆಯಿತು. ಎದುರಿಗೆ ಹಿಮದ ಬೆಟ್ಟ. ಹಿಂದಿನ ಕಾಲದ ದೊಡ್ಡವರು ಸ್ವರ್ಗಕ್ಕೆ ನಡೆದುಹೋದದ್ದು ಅದೇ ಬೆಟ್ಟ ಹತ್ತಿಯಂತೆ. ನನ್ನ ನಕಾಶೆಯಲ್ಲಿ ಅದು ಒಂದು ಕಂದು ಗೀಟು. ನಾನು ಹುಲ್ಲಿನ ಮೇಲೆ ಕೂತು, ಬಾಯಿಬಿಟ್ಟು, ಯಾರ ಮುಲಾಜೂ ಇಲ್ಲದೆ ಅತ್ತೆ. ಸರೋಜ ಪಕ್ಕದಲ್ಲಿ ಕೂತು ಮಂಡಕ್ಕಿ ತಿಂದಳು. ಸುಬೇದಾರರು ಬಂದು ನಿಂತು, ಟೋಪಿ ತೆಗೆದು, "ನೋಡಿದೆ ಬೆಹೆನ್‌ಜೀ" ಅಂದರು.

ಊರಿಗೆ ಬಂದು ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಬೂಟಿನೊಳಗೆ ಕೈ ಹಾಕಿ ರಾಮದೇಯಿಯ ಹೊಲಿಗೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. "ಆಕೆ ಏನೂ ಕೇಳ್ಲಿಲ್ವೇನು?" ಅಂದಳು. "ಏನೂ ಕೇಳ್ಲಿಲ್ಲವ್ವ." ಆಮೇಲೆ ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ ಅವಳ ಬಾಯಲ್ಲಿ ಕಥೆ ಬೆಳೆಯಿತು. ಕೆಲವು ದಿನಗಳಲ್ಲೇ ನಾನು ಸ್ವರ್ಗದ ಬಾಗಿಲತನಕ ಹೋಗಿ, ರಜೆ ಮುಗಿಯಿತೆಂದು ವಾಪಸ್ ಬಂದವಳಾಗಿದ್ದೆ.

ಅದೇ ವರ್ಷ ದಸರಾ ರಜದಲ್ಲಿ ಚನ್ನಗಿರಿ ಕಡೆಯಿಂದ ಯಾರೋ ಬಂದರು. ಸೋದರಮಾವ ಗೊತ್ತು ಮಾಡಿದ್ದು, ಬೇಡ ಅನ್ನುವಂತಿರಲಿಲ್ಲ. ನಾನು ಸೀರೆಯನ್ನು ಕಾಲ್ಗಂಟಿನ ಮೇಲೆ ಬರುವಂತೆ ಉಟ್ಟೆ. ಅವ್ವ ನೋಡಿದಳು, ಕೆಳಗೆ ಬಿಟ್ಕೋ ಅನ್ನಲಿಲ್ಲ. ಹೆಸರಾಯಿತು, ಓದಾಯಿತು. ಅವರಲ್ಲಿ ಹಿರಿಯರು ಗಂಟಲು ಸರಿ ಮಾಡಿಕೊಂಡರು. ನನಗೆ ಆ ಗಂಟಲಿನ ಸದ್ದೇ ಸಾಕು. "ಒಂದೀಟು ನಡೆದು ತೋರಿಸಮ್ಮ."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರದಿಂದ ಅವ್ವನ ದನಿ ಬಂತು. ಗಂಡಿನ ಕಡೆಯವರ ಮುಂದೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನನ್ ಮಗಳು ನಡಿಯೋದು ಈ ಪಡಸಾಲ್ಯಾಗೆ ಕಾಣಾಕಿಲ್ಲ ಸ್ವಾಮಿ. ಅದನ್ನ ನೋಡ್ಬೇಕಂದ್ರೆ ಹಿಮಾಲಯದ ಮಟ ನಡೀಬೇಕಾಗ್ತೈತೆ." ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ನಡೀರಿ."

ಅದು ಯಾವ ನಡೀರಿ ಅಂತ ಅವರಿಗೂ ತಿಳಿಯಿತು. ಚಪ್ಪಲಿ ಹುಡುಕಿಕೊಂಡು ಹೊರಟರು. ಕಾಗದ ಹಾಕುತ್ತೇವೆ ಅನ್ನಲಿಲ್ಲ. ಸೋದರಮಾವ ಕೈ ಕೈ ಹಿಸುಕಿಕೊಳ್ಳುತ್ತ ಅವರ ಹಿಂದೆ ಓಡಿದ. ಅವ್ವ ಬಾಗಿಲು ಹಾಕಿ ತಿರುಗಿದಳು. ಕಂಬದ ಪಕ್ಕ ಮಂಕಾಗಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ ಗದರಿದಳು:

"ಯಾಕೆ ನಿಂತೆ? ಉಪ್ಪಿಟ್ಟು ಆರ್ತೈತೆ. ನಡಿ, ನಡಿ."